ರಾಜಿಗೆ ಮುನ್ನ ಕಾನೂನಿನ ಅರಿವು

2025ರ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹಾಗೂ ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಮತ್ತು ಸಂಧಾನ ಯೋಜನಾ ಸಮಿತಿ ಜೊತೆಗೂಡಿ ದೇಶದಾದ್ಯಂತ ಮಧ್ಯಸ್ಥಿಕೆ ಅಭಿಯಾನವೊಂದನ್ನು ನಡೆಸಿದವು. ತಾಲ್ಲೂಕು ನ್ಯಾಯಾಲಯದಿಂದ ಹೈಕೋರ್ಟಿನವರೆಗೆ ಬಾಕಿ ಬಿದ್ದಿರುವ ಪ್ರಕರಣಗಳಲ್ಲಿ ರಾಜಿಗೆ ಒದಗುವಂಥವನ್ನು ಆರಿಸಿ ಮಧ್ಯಸ್ಥಗಾರರ ಮುಂದಿಡುವುದು ಅದರ ಉದ್ದೇಶ. ವೈವಾಹಿಕ ಕಲಹ, ಕೌಟುಂಬಿಕ ದೌರ್ಜನ್ಯ, ಆಸ್ತಿ ವಿಭಾಗ ಮೂರೂ ಆ ಪಟ್ಟಿಯಲ್ಲಿದ್ದವು. ಇಂಥ ಅಭಿಯಾನಗಳ ಯಶಸ್ಸನ್ನು ನಾವು ಅಳೆಯುವುದು ಇತ್ಯರ್ಥವಾದ ಪ್ರಕರಣಗಳ ಸಂಖ್ಯೆಯಿಂದ. ಆದರೆ ಮನೆಯ ಜಗಳದ ಮಟ್ಟಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ರಾಜಿಪತ್ರಕ್ಕೆ ಸಹಿ ಹಾಕಿದವರಿಗೆ ತಾವು ಬಿಟ್ಟುಕೊಡುತ್ತಿರುವುದು ಏನೆಂಬುದು ತಿಳಿದಿತ್ತೇ?

ಈ ಪ್ರಶ್ನೆಯ ಭಾರವನ್ನು ದಿನನಿತ್ಯ ಹೊರುವವರು ಕೌಟುಂಬಿಕ ವ್ಯಾಜ್ಯಗಳ ಮಧ್ಯಸ್ಥಗಾರರು. ನ್ಯಾಯಾಧೀಶರ ತೀರ್ಪು ಪತ್ರಿಕೆಯಲ್ಲಿ ಬರುತ್ತದೆ, ವಕೀಲರ ವಾದ ಸುದ್ದಿಯಾಗುತ್ತದೆ. ಮಧ್ಯಸ್ಥಗಾರರಿಗೆ ಇವೆರಡೂ ಇಲ್ಲ. ಮುಚ್ಚಿದ ಬಾಗಿಲ ಹಿಂದೆ ತಿಂಗಳುಗಟ್ಟಲೆ ದುಡಿದು, ಕೊನೆಗೆ ನ್ಯಾಯಾಲಯಕ್ಕೆ ಅವರು ಬರೆಯಬಹುದಾದದ್ದು ಇಷ್ಟೇ: ರಾಜಿಯಾಯಿತು, ಅಥವಾ ಆಗಲಿಲ್ಲ. ಒಳಗೆ ಯಾರು ಏನೆಂದರು, ಯಾರು ಪಟ್ಟು ಹಿಡಿದರು ಎಂಬುದನ್ನು ವರದಿಯಲ್ಲಿ ಕಾಣಿಸಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಮೋತಿರಾಂ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಈ ವೃತ್ತಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೂ ಹೇಳಿಕೊಳ್ಳಲು ಕಥೆಗಳಿರುವುದಿಲ್ಲ. ಇರುವ ಕಥೆಗಳನ್ನು ಹೇಳುವಂತಿಲ್ಲ.

ಈ ವೃತ್ತಿಯ ಇತಿಹಾಸ ದೀರ್ಘವಾದುದೇನಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ ಒ.ಜೆ. ಕೂಗ್ಲರ್ ಎಂಬ ವಕೀಲರು, ತಮ್ಮದೇ ವಿಚ್ಛೇದನದ ಕಹಿಯುಂಡ ಬಳಿಕ, 1970ರ ದಶಕದ ಮಧ್ಯದಲ್ಲಿ ದಂಪತಿಗಳಿಗಾಗಿಯೇ ಮಧ್ಯಸ್ಥಿಕೆಯ ಕ್ರಮವೊಂದನ್ನು ರೂಪಿಸಿದರು. 1978ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ನಮ್ಮಲ್ಲಿ 1999ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿಯಾಗಿ, 2002ರ ಜುಲೈನಲ್ಲಿ 89ನೇ ಕಲಮು ಹೊಸ ರೂಪದಲ್ಲಿ ಜಾರಿಗೆ ಬಂದಾಗ ಮಧ್ಯಸ್ಥಿಕೆಗೆ ನ್ಯಾಯಾಲಯದ ಅಂಗಳದಲ್ಲಿ ಜಾಗ ದೊರೆಯಿತು. 2005ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಹಿರಿಯ ವಕೀಲ ಶ್ರೀರಾಮ್ ಪಂಚು ಮೊದಲಾದವರ ಶ್ರಮದಿಂದ ಕೇಂದ್ರವೊಂದು ತೆರೆಯಿತು. 2007ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವನ್ನು ಸ್ಥಾಪಿಸಿತು. ಆ ಕೇಂದ್ರದ ಆರಂಭದ ತಂಡದಲ್ಲಿದ್ದ ವಕೀಲೆ ಲೈಲಾ ಒಲ್ಲಪಳ್ಳಿ ಮುಂದೆ ಮಧ್ಯಸ್ಥಿಕೆಯನ್ನೇ ಪೂರ್ಣಾವಧಿ ವೃತ್ತಿಯಾಗಿಸಿಕೊಂಡರು. ಅಂಥವರು ವಿರಳ. ಉಳಿದವರಿಗೆ ಇದು ಬೆಳಗಿನ ಕೋರ್ಟು ಮುಗಿಸಿ ಮಧ್ಯಾಹ್ನ ಮಾಡುವ ಗೌರವಧನದ ಕೆಲಸ.

ಮಧ್ಯಸ್ಥಿಕೆಯೆಂದರೆ ನಮ್ಮ ಹಳೆಯ ಪಂಚಾಯಿತಿ ಕಟ್ಟೆಯೇ ಹೊಸ ವೇಷದಲ್ಲಿ ಬಂದಿದೆ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಉದ್ಘಾಟನಾ ಭಾಷಣಗಳಲ್ಲಿ ಈ ಮಾತು ತಪ್ಪದೆ ಕೇಳಿಬರುತ್ತದೆ. ಹಾಗೆ ನೋಡಿದರೆ ಎರಡಕ್ಕೂ ಇರುವ ಸಾಮ್ಯಕ್ಕಿಂತ ವ್ಯತ್ಯಾಸವೇ ಹೆಚ್ಚು. ಕಟ್ಟೆಯ ಮೇಲೆ ಕೂತ ಹಿರಿಯರು ತೀರ್ಮಾನ ಹೇಳುತ್ತಿದ್ದರು, ಊರೆಲ್ಲ ಕೇಳಿಸಿಕೊಳ್ಳುತ್ತಿತ್ತು, ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳಿಗೆ ಸಿಗುತ್ತಿದ್ದ ನ್ಯಾಯ ಬಹುಪಾಲು ‘ಅನುಸರಿಸಿಕೊಂಡು ಹೋಗಮ್ಮ’ ಎಂಬ ಒಂದೇ ವಾಕ್ಯದ್ದು. ಮಧ್ಯಸ್ಥಗಾರರು ತೀರ್ಮಾನ ಹೇಳುವಂತಿಲ್ಲ. ತಾವು ನೆರವಾಗುವವರು ಮಾತ್ರ, ಇತ್ಯರ್ಥವನ್ನು ಹೇರುವವರಲ್ಲ ಎಂಬುದನ್ನು ಎರಡೂ ಕಡೆಯವರಿಗೆ ಅವರು ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದು 2023ರ ಮಧ್ಯಸ್ಥಿಕೆ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ಅವರು ಒಬ್ಬರ ಪರವಾಗಿ ಕಾನೂನು ಸಲಹೆಯನ್ನೂ ಕೊಡುವಂತಿಲ್ಲ. ಕೊಟ್ಟರೆ ತಟಸ್ಥತೆ ಕೆಡುತ್ತದೆ, ಎದುರು ಕೂತವರ ವಿಶ್ವಾಸ ಹೋಗುತ್ತದೆ.

ಸಂಕಟವಿರುವುದು ಇಲ್ಲಿಯೇ. ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಮೇಜಿನ ಒಂದು ಕಡೆ ತನ್ನ ಆದಾಯ, ತೆರಿಗೆ, ಸಾಲ, ನಿವೇಶನಗಳ ಲೆಕ್ಕವನ್ನೆಲ್ಲ ಬಲ್ಲ ಗಂಡ. ಇನ್ನೊಂದು ಕಡೆ, ಮದುವೆಯಾದ ಮೇಲೆ ಕೆಲಸ ಬಿಟ್ಟು ಹನ್ನೆರಡು ವರ್ಷ ಮನೆ ನೋಡಿಕೊಂಡ ಹೆಂಡತಿ. ಗಂಡ ಒಂದು ಮೊತ್ತವನ್ನು ಹೇಳುತ್ತಾನೆ. ಆಕೆಗೆ ಅದು ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಹೋಲಿಸಿ ನೋಡಲು ಆಕೆಯ ಬಳಿ ಬೇರೆ ಅಂಕಿಯಿಲ್ಲ. ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿರುವುದು ಆಕೆಗೆ ಗೊತ್ತಿಲ್ಲ. ಮಧ್ಯಸ್ಥಗಾರರಿಗೆ ಗೊತ್ತಿದೆ. ಆದರೆ ‘ಅಷ್ಟಕ್ಕೇ ಒಪ್ಪಬೇಡಿ’ ಎಂದು ಅವರು ಹೇಳಲಾರರು. ಬಹಳವೆಂದರೆ, ‘ನಿಮ್ಮ ವಕೀಲರನ್ನು ಕಂಡಿದ್ದೀರಾ? ಇನ್ನೊಂದು ವಾರ ಯೋಚಿಸುತ್ತೀರಾ?’ ಎಂದು ಕೇಳಬಹುದು, ಸಭೆಯನ್ನು ಮುಂದೂಡಬಹುದು. ನುರಿತ ಮಧ್ಯಸ್ಥಗಾರರ ಕೌಶಲವೆಲ್ಲ ಇಂಥ ಪ್ರಶ್ನೆಗಳಲ್ಲಿ, ಆ ಪ್ರಶ್ನೆಗಳ ನಡುವಿನ ಮೌನದಲ್ಲಿ ಅಡಗಿರುತ್ತದೆ. ಆಕೆ ಆ ಸೂಚನೆಯನ್ನು ಹಿಡಿಯದಿದ್ದರೆ?

ಸಹಿ ಬಿದ್ದ ಮೇಲೆ ಹಿಂತಿರುಗುವ ದಾರಿ ಬಲು ಕಿರಿದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮಿನ ಪ್ರಕಾರ, ಉಭಯತ್ರರ ಒಪ್ಪಿಗೆಯಿಂದ ಹೊರಟ ಡಿಕ್ರಿಯ ಮೇಲೆ ಮೇಲ್ಮನವಿಯಿಲ್ಲ. ಮೋಸವಾಗಿದೆ, ಬಲಾತ್ಕಾರದಿಂದ ಬರೆಸಿಕೊಂಡರು ಎಂದು ರುಜುವಾತುಪಡಿಸಿದರೆ ಮಾತು ಬೇರೆ. ‘ನನಗೆ ಕಾನೂನು ತಿಳಿದಿರಲಿಲ್ಲ’ ಎಂಬುದು ಮೋಸದ ವ್ಯಾಖ್ಯೆಯೊಳಗೆ ಬರುವುದಿಲ್ಲ. ಇದೇ ಕಾಯ್ದೆಯ 9ನೇ ಕಲಮು ಮೊದಲು ರಾಜಿಗೆ ಯತ್ನಿಸಬೇಕೆಂದು ನ್ಯಾಯಾಲಯಕ್ಕೆ ವಿಧಿಸುತ್ತದೆ; 13ನೇ ಕಲಮು ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕಲ್ಲ ಎನ್ನುತ್ತದೆ. ವ್ಯಾಜ್ಯದ ಕಹಿ ಕಡಿಮೆಯಾಗಲೆಂಬ ಸದಾಶಯ ಇದರ ಹಿಂದಿದೆ, ನಿಜ. ಆದರೆ ವಕೀಲರಿಲ್ಲದೆ ತನ್ನ ಮಾತನ್ನು ತಾನೇ ಆಡಬಲ್ಲ ಕಕ್ಷಿದಾರಳೊಬ್ಬಳನ್ನು ಈ ಕಾಯ್ದೆ ಕಲ್ಪಿಸಿಕೊಂಡಿದೆಯಲ್ಲ, ಆಕೆಯನ್ನು ತಯಾರು ಮಾಡುವ ಹೊಣೆಯನ್ನು ಯಾರಿಗೂ ಅದು ವಹಿಸಲಿಲ್ಲ.

ಕೆಲವು ಮಧ್ಯಸ್ಥಗಾರರು ಸಾರ್ವಜನಿಕ ಕಾನೂನು ಶಿಕ್ಷಣಕ್ಕೂ ಇಳಿಯುವುದು ಈ ಕಾರಣದಿಂದಲೇ. ಸ್ತ್ರೀಶಕ್ತಿ ಸಂಘಗಳಲ್ಲಿ, ಕಾಲೇಜುಗಳಲ್ಲಿ, ಆಕಾಶವಾಣಿಯಲ್ಲಿ, ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಲ್ಲಿ ಅವರು ಮಾತನಾಡುತ್ತಾರೆ, ಬರೆಯುತ್ತಾರೆ. ಇದನ್ನು ವೃತ್ತಿಯ ಜೊತೆಗಿನ ಸಮಾಜಸೇವೆಯೆಂದು ನಾವು ಭಾವಿಸುತ್ತೇವೆ, ಶಾಲು ಹೊದಿಸಿ ಕಳುಹಿಸುತ್ತೇವೆ. ವಾಸ್ತವವಾಗಿ ಅದು ಅದೇ ವೃತ್ತಿಯ ಇನ್ನೊಂದು ಅರ್ಧ. ಕೊಠಡಿಯೊಳಗೆ ಒಬ್ಬಳಿಗೆ ಹೇಳಲಾಗದ್ದನ್ನು ಕೊಠಡಿಯ ಹೊರಗೆ ಸಾವಿರ ಜನಕ್ಕೆ ಹೇಳಬಹುದು. ಅಲ್ಲಿ ಪಕ್ಷಪಾತದ ಪ್ರಶ್ನೆ ಏಳುವುದಿಲ್ಲ. ಕೇಳುವವರಲ್ಲಿ ನಾಳಿನ ವಾದಿಯೂ ಇರಬಹುದು, ಪ್ರತಿವಾದಿಯೂ ಇರಬಹುದು.

ಹೆಂಗಸರಿಗಷ್ಟೇ ಈ ಅರಿವು ಬೇಕೆಂದು ತಿಳಿಯಬಾರದು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದ್ದರೂ ಅದನ್ನರಿಯದ ಗಂಡಸರೂ ಇದ್ದಾರೆ. ಮಗುವನ್ನು ಯಾವ ದಿನ, ಎಷ್ಟು ಹೊತ್ತು, ಎಲ್ಲಿ ಕಾಣಬಹುದೆಂಬುದನ್ನು ಬರೆಸಿಕೊಳ್ಳದೆ ‘ಪರಸ್ಪರ ಅನುಕೂಲದಂತೆ’ ಎಂಬ ಸಾಲಿಗೆ ಸಹಿ ಹಾಕಿದ ತಂದೆಗೆ ಆ ಅನುಕೂಲ ಒದಗಿಬಾರದೇ ಹೋಗಬಹುದು. ಇನ್ನು, ‘ಮಗುವಿಗೆ ಏನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಜೀವನಾಂಶದ ಹಕ್ಕು ಅಳಿಯುವುದಿಲ್ಲ. ಇದು ತಿಳಿಯದೆ ಬರೆದುಕೊಟ್ಟವಳೂ ಬರೆಸಿಕೊಂಡವನೂ ಇಬ್ಬರೂ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ; ವ್ಯಾಜ್ಯ ಮಾತ್ರ ಕೆಲವು ವರ್ಷಗಳ ಬಳಿಕ ಮತ್ತೆ ಕದ ತಟ್ಟುತ್ತದೆ.

ಕಾನೂನಿನ ಅರಿವೆಂಬುದು ಒಮ್ಮೆ ಕಲಿಸಿ ಮುಗಿಸುವ ಪಾಠವೂ ಅಲ್ಲ. ಇದಕ್ಕೆ ಕರ್ನಾಟಕದ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1994ರಲ್ಲಿ ನಮ್ಮ ರಾಜ್ಯ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತು. ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ, ಆ ದಿನಾಂಕದಂದು ತಂದೆ ಬದುಕಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ, ಅದೂ ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದಲೇ ಬರುವುದೆಂದೂ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದೂ ನಿರ್ಣಯಿಸಿ, 2004ರ ಡಿಸೆಂಬರ್ 20ಕ್ಕೆ ಮುನ್ನ ಕ್ರಮಬದ್ಧವಾಗಿ ಮುಗಿದ ವಿಭಾಗಗಳನ್ನು ಮಾತ್ರ ಉಳಿಸಿತು. 2016ರಲ್ಲಿ ಹಳ್ಳಿಯ ಸಭೆಯೊಂದರಲ್ಲಿ ಸರಿಯಾಗಿಯೇ ಉತ್ತರಿಸಿದ ವಕೀಲರ ಮಾತು 2020ರ ಹೊತ್ತಿಗೆ ತಪ್ಪಾಗಿತ್ತು. ಆ ಸಭೆಯಲ್ಲಿದ್ದವಳಿಗೆ ಇದನ್ನು ಮತ್ತೆ ಹೋಗಿ ಹೇಳಿದವರಾರು?

ವಿಭಾಗದ ವ್ಯಾಜ್ಯಗಳಲ್ಲಿ ತಂಗಿಯರಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ತವರಿನ ನಂಟು ಉಳಿಯಲೆಂದು ತಿಳಿದೇ ಬಿಟ್ಟುಕೊಡುವವಳ ಔದಾರ್ಯವನ್ನು ಪ್ರಶ್ನಿಸುವ ಅಧಿಕಾರ ಮಧ್ಯಸ್ಥಗಾರರಿಗಾಗಲಿ ಪತ್ರಿಕೆಯವರಿಗಾಗಲಿ ಇಲ್ಲ. ಆದರೆ ತನ್ನದೆಂದು ತಿಳಿಯದ್ದನ್ನು ಕೊಡುವುದು ಔದಾರ್ಯ ಹೇಗಾದೀತು? ಅರಿಶಿನ ಕುಂಕುಮಕ್ಕೆ, ಒಂದು ಸೀರೆಗೆ ಮುಗಿದುಹೋದ ಪಾಲುಗಳ ಲೆಕ್ಕವನ್ನು ಯಾವ ಉಪನೋಂದಣಾಧಿಕಾರಿಯ ಕಚೇರಿಯೂ ಇಟ್ಟಿಲ್ಲ.

ಭಾಷೆಯ ತೊಡಕು ಇದರ ಮೇಲೊಂದು. ಒಪ್ಪಂದದ ಕರಡು ಇಂಗ್ಲಿಷಿನಲ್ಲಿದ್ದರೆ, ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಎಂಬ ನಾಲ್ಕು ಶಬ್ದ ಎಲ್ಲರಿಗೂ ಕೇಳಿದಂತೆಯೇ ಇರುತ್ತದೆ. ಗಂಡನ ವಿರುದ್ಧ ಹಣಕಾಸಿನ ಬೇಡಿಕೆಯ ಬಾಗಿಲನ್ನು ಅದು ಮುಚ್ಚುವುದಕ್ಕಾಗಿ ಬರೆದದ್ದು, ಸ್ತ್ರೀಧನವೂ ಅದರಲ್ಲೇ ಸೇರಿಹೋಗಬಹುದು ಎಂಬ ವಿವರಣೆ ಕನ್ನಡದಲ್ಲಿ ಸಿಕ್ಕಿದಾಗ ಮಾತ್ರ ಆ ಶಬ್ದಗಳ ತೂಕ ತಿಳಿಯುತ್ತದೆ. ‘ಪರ್ಮನೆಂಟ್ ಅಲಿಮನಿ’ಯನ್ನು ‘ಶಾಶ್ವತ ಜೀವನಾಂಶ’ ಎಂದು ಅನುವಾದಿಸಿಬಿಟ್ಟರೆ ಸಾಲದು. ತಿಂಗಳು ತಿಂಗಳು ಜೀವಮಾನವಿಡೀ ಬರುತ್ತದೆಂದು ಆಕೆ ತಿಳಿದರೆ ಆಶ್ಚರ್ಯವಿಲ್ಲ. ಒಂದೇ ಗಂಟಿನಲ್ಲಿ ಕೊಟ್ಟು ಮುಗಿಸುವುದೂ ಅದೇ ಹೆಸರಿನಲ್ಲಿ ನಡೆಯುತ್ತದೆ. ಒಳ್ಳೆಯ ಕಾನೂನು ಶಿಕ್ಷಕರು ಕಲಮುಗಳ ಸಂಖ್ಯೆಗಿಂತ ಮೊದಲು ಇಂಥ ಮಾತುಗಳ ಅರ್ಥವನ್ನು ಕಲಿಸುತ್ತಾರೆ.

ಹಿಂಸೆಯಿರುವ ಮನೆಯ ವಿಷಯ ಇನ್ನಷ್ಟು ಸೂಕ್ಷ್ಮ. ಕ್ಯಾಲಿಫೋರ್ನಿಯಾದಲ್ಲಿ 1981ರಿಂದ ಮಕ್ಕಳ ಸುಪರ್ದಿನ ವ್ಯಾಜ್ಯಗಳಿಗೆ ಮಧ್ಯಸ್ಥಿಕೆಯನ್ನು ಕಡ್ಡಾಯ ಮಾಡಲಾಗಿತ್ತು. ಸ್ವತಃ ಮಧ್ಯಸ್ಥಿಕೆ ನಡೆಸುತ್ತಿದ್ದ ಕಾನೂನು ಪ್ರಾಧ್ಯಾಪಕಿ ಟ್ರಿನಾ ಗ್ರಿಲೊ 1991ರಲ್ಲಿ ಯೇಲ್ ಕಾನೂನು ನಿಯತಕಾಲಿಕದಲ್ಲಿ ಬರೆದ ಲೇಖನದಲ್ಲಿ ಆ ಕಡ್ಡಾಯವನ್ನು ಕಟುವಾಗಿ ವಿಮರ್ಶಿಸಿದರು. ಹಿಂದಿನದನ್ನು ಬಿಟ್ಟು ಮುಂದಿನದನ್ನು ನೋಡೋಣ ಎಂಬ ಮಧ್ಯಸ್ಥಿಕೆಯ ಸೌಜನ್ಯದ ಭಾಷೆ, ನೊಂದವಳ ಸಿಟ್ಟಿಗೂ ಆಕೆಗಾದ ಅನ್ಯಾಯಕ್ಕೂ ಜಾಗವಿಲ್ಲದಂತೆ ಮಾಡಬಲ್ಲುದೆಂಬುದು ಅವರ ಆಕ್ಷೇಪದ ತಿರುಳು. ವೃತ್ತಿಯ ಒಳಗಿನವರೇ ಎತ್ತಿದ ದನಿಯಾದ್ದರಿಂದ ಅದಕ್ಕೆ ಬೆಲೆ ಹೆಚ್ಚು. ನಮ್ಮ ಕೌಟುಂಬಿಕ ದೌರ್ಜನ್ಯ ತಡೆ ನಿಯಮಗಳು (2006) ಈ ಅಪಾಯವನ್ನು ಗುರುತಿಸಿದ್ದು ಮೆಚ್ಚಬೇಕಾದ ಸಂಗತಿ. ಆಪ್ತ ಸಮಾಲೋಚನೆಯಲ್ಲಿ ಪ್ರತಿವಾದಿ ತನ್ನ ಹಿಂಸೆಗೆ ಸಮರ್ಥನೆ ನೀಡುವಂತಿಲ್ಲ ಎಂದು 14ನೇ ನಿಯಮ ವಿಧಿಸುತ್ತದೆ. ಅದನ್ನು ಆತನಿಗೆ ಮೊದಲೇ ತಿಳಿಸಬೇಕೆನ್ನುತ್ತದೆ. ‘ಅವಳು ಎದುರುತ್ತರ ಕೊಟ್ಟಳು, ಅದಕ್ಕೇ ಹೊಡೆದೆ’ ಎಂಬ ವಾಕ್ಯಕ್ಕೆ ಅಲ್ಲಿ ಸ್ಥಾನವಿಲ್ಲ. ಆದರೆ ಈ ನಿಯಮವಿದೆಯೆಂದು ತಿಳಿದವಳು ಮಾತ್ರ ಅದನ್ನು ಕೇಳಿ ಪಡೆಯಬಲ್ಲಳು. ಅತ್ತೆ ಮಾವಂದಿರ ಹೆಸರಿನಲ್ಲಿರುವ ಮನೆಯಾದರೂ, ತಾನು ಸಂಸಾರ ಮಾಡಿದ ಮನೆಯಾಗಿದ್ದರೆ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದ್ದೂ ಅಷ್ಟೇ.

ಮಧ್ಯಸ್ಥಿಕೆಗೂ ಜನಜಾಗೃತಿಗೂ ಇರುವ ನಂಟನ್ನು ಸುಪ್ರೀಂ ಕೋರ್ಟ್ ಕಾಣದೆ ಇಲ್ಲ. 2013ರ ಫೆಬ್ರುವರಿಯಲ್ಲಿ ಕೆ. ಶ್ರೀನಿವಾಸ ರಾವ್ ವಿರುದ್ಧ ಡಿ.ಎ. ದೀಪಾ ಪ್ರಕರಣದಲ್ಲಿ, ಎಲ್ಲ ಮಧ್ಯಸ್ಥಿಕೆ ಕೇಂದ್ರಗಳೂ ವ್ಯಾಜ್ಯಪೂರ್ವ ಸಲಹಾ ಘಟಕಗಳನ್ನು ತೆರೆದು ಅವಕ್ಕೆ ವ್ಯಾಪಕ ಪ್ರಚಾರ ನೀಡಬೇಕೆಂದು ಅದು ನಿರ್ದೇಶಿಸಿತು. ತಪ್ಪಿತಸ್ಥ ಸಂಗಾತಿ ಶಿಕ್ಷೆಯಿಂದ ನುಣುಚಿಕೊಳ್ಳಲು ಮಧ್ಯಸ್ಥಿಕೆಯನ್ನು ಬಳಸಿಕೊಳ್ಳದಂತೆ ಎಚ್ಚರ ವಹಿಸಬೇಕೆಂದೂ ಹೇಳಿತು. 2023ರ ಮಧ್ಯಸ್ಥಿಕೆ ಕಾಯ್ದೆ ಮಧ್ಯಸ್ಥಿಕೆ ಪರಿಷತ್ತು, ಮಧ್ಯಸ್ಥಗಾರರ ನೋಂದಣಿ, ಸಾಮುದಾಯಿಕ ಮಧ್ಯಸ್ಥಿಕೆಗಳ ಮಾತನಾಡುತ್ತದೆ. ಅದೇ ವರ್ಷದ ಅಕ್ಟೋಬರ್ 9ರಂದು ಮೊದಲ ಕಂತಿನಲ್ಲಿ ಜಾರಿಗೆ ಬಂದದ್ದು ಅದರ ಕೆಲವು ಕಲಮುಗಳಷ್ಟೆ. ಮಧ್ಯಸ್ಥಿಕೆ ಇದರಿಂದ ಪೂರ್ಣ ಪ್ರಮಾಣದ ವೃತ್ತಿಯಾಗಿ ಬೆಳೆದರೆ ಸಂತೋಷವೇ. ಆದರೆ 40 ಗಂಟೆಗಳ ತರಬೇತಿ, ಪ್ರಕರಣಕ್ಕಿಷ್ಟು ಗೌರವಧನ, ತಿಂಗಳಿಗಿಷ್ಟು ಇತ್ಯರ್ಥ ಎಂಬ ಲೆಕ್ಕದಲ್ಲೇ ಅದನ್ನು ಬೆಳೆಸಿದರೆ, ಬೇಗ ಸಹಿ ಹಾಕಿಸುವವರೇ ನಿಪುಣರೆನಿಸಿಕೊಳ್ಳುತ್ತಾರೆ. ಎರಡು ಬಾರಿ ಸಭೆ ಮುಂದೂಡಿ, ‘ವಕೀಲರನ್ನು ಕಂಡು ಬನ್ನಿ’ ಎಂದವರ ಹೆಸರಿನ ಮುಂದೆ ವಿಫಲವೆಂಬ ಗುರುತು ಬೀಳುತ್ತದೆ.

ಕಾನೂನು ಸಾಕ್ಷರತೆಯ ಪಾಡಂತೂ ಗೊತ್ತಿದ್ದದ್ದೇ. ಪ್ರತಿವರ್ಷ ನವೆಂಬರ್ 9ರಂದು ಕಾನೂನು ಸೇವೆಗಳ ದಿನ ಆಚರಿಸುತ್ತೇವೆ: ದೀಪ ಬೆಳಗುವುದು, ಗಣ್ಯರ ಭಾಷಣ, ಕರಪತ್ರ. ಬಂದವರು ಪ್ರಶ್ನೆ ಕೇಳುವ ಹೊತ್ತಿಗೆ ಊಟದ ಸಮಯವಾಗಿರುತ್ತದೆ. ಅಂದು ಆಚರಿಸುವ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಮಹಿಳೆಯೂ ಉಚಿತ ಕಾನೂನು ಸೇವೆಗೆ ಅರ್ಹಳು ಎಂಬ ಒಂದೇ ಸಂಗತಿಯನ್ನು ಸಭೆಯಲ್ಲಿದ್ದವರು ಮನೆಗೆ ಒಯ್ದರೂ ಆ ದಿನ ಸಾರ್ಥಕ. ವಿದ್ಯಾವಂತ ಮಧ್ಯಮವರ್ಗದ ಕುಟುಂಬಗಳಲ್ಲೂ ಇದನ್ನು ಬಡವರ ಸೌಲಭ್ಯವೆಂದೇ ತಿಳಿದವರು ಹೆಚ್ಚು.

ಆ 12ನೇ ಕಲಮನ್ನೇ ಆಧಾರವಾಗಿಟ್ಟುಕೊಂಡು ರಾಜ್ಯ ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ. ಕೌಟುಂಬಿಕ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸುವ ಮುನ್ನ ಎರಡೂ ಕಡೆಯವರನ್ನು, ಪ್ರತ್ಯೇಕವಾಗಿ, ಒಂದು ಗಂಟೆ ಕಾಲ ಕನ್ನಡದಲ್ಲಿ ಅವರವರ ಹಕ್ಕು ಹೊಣೆಗಳನ್ನು ವಿವರಿಸಬಲ್ಲವರ ಮುಂದೆ ಕೂರಿಸಬೇಕು. ಅವರು ಆ ಪ್ರಕರಣದ ಮಧ್ಯಸ್ಥಗಾರರಾಗಿರಕೂಡದು. ಆದರೆ ಮಧ್ಯಸ್ಥಿಕೆಯನ್ನು ಬಲ್ಲವರಾಗಿರಬೇಕು. ಬೆಂಗಳೂರಿನ ನ್ಯಾಯದೇಗುಲದಲ್ಲಿ ಕಚೇರಿ ಹೊಂದಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಹೈಕೋರ್ಟಿನ ಸಮ್ಮತಿಯೊಡನೆ, ಒಂದೆರಡು ಜಿಲ್ಲೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದು. ಆ ಒಂದು ಗಂಟೆಗೆ ಕೊಡುವ ಗೌರವಧನ ಮಧ್ಯಸ್ಥಗಾರರಿಗೆ ಕೊಡುವುದಕ್ಕಿಂತ ಕಡಿಮೆಯಿರಬಾರದು. ವಿವರಣೆ ಸಿಕ್ಕಿದೆಯೆಂಬ ಟಿಪ್ಪಣಿ ರಾಜಿಪತ್ರಕ್ಕೆ ಲಗತ್ತಾಗಿರದಿದ್ದರೆ ನ್ಯಾಯಾಧೀಶರು ಡಿಕ್ರಿ ಹೊರಡಿಸುವುದನ್ನು ಒಂದು ವಾರ ತಡೆಯಬಹುದು.